ಸರ್ಟಿಫೈಡ್ ಗಾಡಿ ವಾಪಸ್ ಕೊಟ್ಟು ದುಡ್ಡು ತಗೊಂಡಿದ್ದು ಹೀಗೆ

ಹೋದ ತಿಂಗಳು ದುಡ್ಡು ಅಕೌಂಟಿಗೆ ಬಿತ್ತು. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಕಂಪನಿಯೊಂದು ಆ್ಯಕ್ಸಿಡೆಂಟ್ ಆಗಿದ್ದನ್ನು ಮುಚ್ಚಿಟ್ಟು 'ಸರ್ಟಿಫೈಡ್' ಅಂತ ಮಾರಿದ್ದ, ಹೆಚ್ಚು ಕಡಿಮೆ ಆರೂವರೆ ಲಕ್ಷ ಕೊಟ್ಟು ನಾನು ತಗೊಂಡಿದ್ದ 2019ರ ಹ್ಯಾಚ್‌ಬ್ಯಾಕ್. ವರ್ಷದ ಮೇಲೆ ಓಡಿಸಿದ್ದೇನೆ. ವಾಪಸ್ ಸಿಕ್ಕಿದ್ದು ಆರು ಲಕ್ಷದ ಹತ್ತಿರ. ವಕೀಲರ ಫೀಸು ಸೊನ್ನೆ. "ದೊಡ್ಡ ಕಂಪನಿ ಕಣೋ, ಅವರ ಹತ್ತಿರ ದುಡ್ಡು ವಾಪಸ್ ಬರೋದುಂಟಾ? ಸುಮ್ನೆ ಇನ್ನೊಬ್ಬರಿಗೆ ದಾಟಿಸು" ಅಂತ ನಮ್ಮ ಭಾವನಿಂದ ಹಿಡಿದು ಗ್ಯಾರೇಜಿನವರ ತನಕ ಎಲ್ಲರೂ ಹೇಳಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಕಂಪನಿ ಹೆಸರು ಬರೆಯುವಂತಿಲ್ಲ, ರಾಜಿ ಪತ್ರದಲ್ಲಿ ಷರತ್ತು ಹಾಕಿಸಿಕೊಂಡಿದ್ದಾರೆ.

ಅನುಮಾನ ಹುಟ್ಟಿದ್ದು ಟೈರ್ ಅಂಗಡಿಯಲ್ಲಿ. ಬಲಗಡೆ ಮುಂದಿನ ಟೈರು ಒಳಬದಿಯಲ್ಲಿ ಮಾತ್ರ ಸವೆಯುತ್ತಿತ್ತು. ಅಲೈನ್‌ಮೆಂಟ್ ಹುಡುಗ ಎಷ್ಟು ತಿಣುಕಿದರೂ ಕ್ಯಾಂಬರ್, ಅಂದರೆ ಚಕ್ರದ ವಾಲು, ಸರಿಯಾಗಿ ಕೂರಲಿಲ್ಲ. ಕೊನೆಗೆ ಮೆಷಿನ್ ಆಫ್ ಮಾಡಿ, "ಸಾರ್, ಇದು ಒಂದ್ಸಲ ಹೊಡೆದಿರೋ ಗಾಡಿ, ನಿಮಗೆ ಗೊತ್ತಿಲ್ವಾ?" ಅಂದ. ಗಾಡಿ ಕೊಡುವಾಗ ಕಂಪನಿಯವರು ಕೊಟ್ಟಿದ್ದ ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ ಹಸಿರು ಟಿಕ್ ಬಿಟ್ಟು ಬೇರೇನೂ ಇರಲಿಲ್ಲ. 'ನಾನ್ ಆ್ಯಕ್ಸಿಡೆಂಟಲ್' ಅಂತ ದಪ್ಪಕ್ಷರದಲ್ಲಿ ಬೇರೆ ಇತ್ತು.

ಮೊದಲು ಪೇಂಟಿನ ದಪ್ಪ ಅಳೆಯುವ ಗೇಜ್ ತರಿಸಿದೆ, ಮೂರು ಸಾವಿರ ಚಿಲ್ಲರೆ. ಟಾಪಿನ ಮೇಲೆ 105 ಮೈಕ್ರಾನ್ ಆಸುಪಾಸು, ಡೋರುಗಳಲ್ಲಿ 110. ಹೊಡೆದಿರಬೇಕಾದ ಬಲಗಡೆ ಫೆಂಡರಿನ ಮೇಲೆ ಇಟ್ಟರೆ 130, 140. ಅಷ್ಟೇ! ಪುಟ್ಟಿ ಹಾಕಿದ್ದರೆ 500 ದಾಟಬೇಕಿತ್ತು ಅಲ್ವಾ? ಆಮೇಲೆ ತಲೆಗೆ ಹೊಳೆಯಿತು. ಜೋರಾಗಿ ಹೊಡೆದ ಗಾಡಿಗೆ ಯಾರೂ ಟಿಂಕರಿಂಗ್ ಮಾಡುತ್ತಾ ಕೂರಲ್ಲ. ಇನ್ಶೂರೆನ್ಸ್ ದುಡ್ಡಿನಲ್ಲಿ ಹೊಸ ಫೆಂಡರು, ಹೊಸ ಬಾನೆಟ್ಟು ಹಾಕಿ ಪೇಂಟ್ ಹೊಡೆಯುತ್ತಾರೆ. ಹೊಸ ಪಾರ್ಟಿಗೆ ಪುಟ್ಟಿ ಎಲ್ಲಿಂದ ಬರಬೇಕು? ಗೇಜ್ ಸಿಕ್ಕಿಹಾಕಿಸುವುದು ಗೇಟಿಗೆ ತಾಗಿಸಿಕೊಂಡವರನ್ನು. ದೊಡ್ಡ ಆ್ಯಕ್ಸಿಡೆಂಟಿನವರು ಅದರ ಮುಂದೆಯೇ ಆರಾಮಾಗಿ ಪಾಸಾಗುತ್ತಾರೆ.

ಆದರೂ ಮೂರು ಸಾವಿರ ಕೊಟ್ಟಿದ್ದೀನಲ್ಲ ಅಂತ ಒಂದು ಭಾನುವಾರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿದ್ದ ಗಾಡಿಗಳನ್ನೆಲ್ಲ ಅಳೆದೆ. ಮೂರನೇ ಮಹಡಿಯವರ ಹೊಚ್ಚ ಹೊಸ ಎಸ್‌ಯುವಿ, ಶೋರೂಮಿಂದ ಬಂದು ಎರಡು ತಿಂಗಳೂ ಆಗಿರಲಿಲ್ಲ. ಹಿಂದಿನ ಡೋರಿನಲ್ಲಿ 280 ತೋರಿಸಿತು. ಯಾರ್ಡಿನಲ್ಲೋ ಟ್ರಕ್ಕಿಂದ ಇಳಿಸುವಾಗಲೋ ತಾಗಿರಬೇಕು, ಒಳಗೊಳಗೇ ಪೇಂಟ್ ಮಾಡಿ ಕೊಟ್ಟಿದ್ದಾರೆ. ಅವರಿಗೆ ಹೇಳಿದ್ದಕ್ಕೆ ಇವತ್ತಿಗೂ ಲಿಫ್ಟಿನಲ್ಲಿ ನನ್ನ ಕಡೆ ತಿರುಗಿ ನೋಡಲ್ಲ.

ಗಾಡಿಯ ಕಂಪ್ಯೂಟರಿನಲ್ಲಿರುವ ದೋಷದ ಕೋಡು ಓದುವ ಒಬಿಡಿ ಡಾಂಗಲ್ಲೂ ಹಾಕಿ ನೋಡಿದೆ. ಎಂಟುನೂರು ರೂಪಾಯಿಯ ಡಾಂಗಲ್ ಇಂಜಿನ್ ಕೋಡು ಓದುತ್ತದೆ, ಏರ್‌ಬ್ಯಾಗ್ ಮಾಡ್ಯೂಲಿನ ಹತ್ತಿರವೂ ಸುಳಿಯಲ್ಲ. ಎಫ್‌ಐಆರ್ ಹುಡುಕಿದೆ, ಇರಲಿಲ್ಲ. ಸ್ವಂತ ಇನ್ಶೂರೆನ್ಸಿನಲ್ಲಿ ರಿಪೇರಿ ಮಾಡಿಸಿಕೊಂಡವರು ಸ್ಟೇಷನ್ ಮೆಟ್ಟಿಲು ಹತ್ತಿರುವುದೇ ಅಪರೂಪ. ಹಳೇ ಇನ್ಶೂರೆನ್ಸ್ ಕಂಪನಿಗೆ ಮೇಲ್ ಹಾಕಿದರೆ 'ಪಾಲಿಸಿದಾರರಿಗೆ ಮಾತ್ರ ಮಾಹಿತಿ' ಅಂತ ಎರಡು ಸಾಲಿನ ಉತ್ತರ. ಸರ್ವಿಸ್ ಸೆಂಟರಿನಲ್ಲಿ ಸರ್ವಿಸ್ ಹಿಸ್ಟರಿ ಕೊಟ್ಟರು, ಬಾಡಿಶಾಪ್ ಬಿಲ್ಲು ಕೇಳಿದಾಗ ಮಾತ್ರ "ಸಿಸ್ಟಮ್ಮಲ್ಲಿ ಬರ್ತಿಲ್ಲ ಸಾರ್" ಅಂದರು. ಇಷ್ಟಕ್ಕೇ ಎರಡು ತಿಂಗಳು ಕಳೆದುಹೋಯಿತು. ಗಾಡಿ ವಾಪಸ್ ಕೊಡುವ ಅವಧಿ ಮುಗಿದು ಯಾವ ಕಾಲವಾಗಿತ್ತೋ.

ಕೆಲಸಕ್ಕೆ ಬಂದಿದ್ದು ಎರಡೇ ಎರಡು, ಎರಡಕ್ಕೂ ಖರ್ಚಿಲ್ಲ.

ಒಂದು, ಸೀಟ್ ಬೆಲ್ಟ್. ಮುಂದಿನ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ, ಇನ್ನು ಬರಲ್ಲ ಅನ್ನುವವರೆಗೂ. ಬುಡದ ಹತ್ತಿರ ಬಟ್ಟೆಗೆ ಹೊಲಿದ ಬಿಳಿ ಚೀಟಿ ಇರುತ್ತದೆ. ಪಾರ್ಟ್ ನಂಬರು, ಬಾರ್‌ಕೋಡು, ತಯಾರಾದ ತಾರೀಖು ಎಲ್ಲ ಅದರಲ್ಲೇ. ನನ್ನ ಗಾಡಿ ರಿಜಿಸ್ಟರ್ ಆಗಿದ್ದು 2019ರ ಜನವರಿಯಲ್ಲಿ. ಹಿಂದಿನ ಸೀಟಿನ ಬೆಲ್ಟುಗಳ ಚೀಟಿಯಲ್ಲಿ 2018, ಅಂಚೆಲ್ಲ ಕೊಳೆಯಾಗಿ ಬೂದು ಬಣ್ಣಕ್ಕೆ ತಿರುಗಿತ್ತು. ಮುಂದಿನ ಎರಡರಲ್ಲೂ 2021, ಬೆಳ್ಳಗೆ ಗರಿಗರಿಯಾಗಿತ್ತು. ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಬೆಲ್ಟನ್ನು ಗಕ್ಕನೆ ಬಿಗಿಯುವ ಪ್ರಿಟೆನ್ಷನರ್ ಕೂಡ ಸಿಡಿಯುತ್ತದೆ, ಆಮೇಲೆ ಬೆಲ್ಟ್ ಬದಲಾಯಿಸಲೇಬೇಕು. ಪೇಂಟ್ ಮ್ಯಾಚ್ ಮಾಡಿ ಪಾಲಿಶ್ ಹೊಡೆದವರು ಬೆಲ್ಟಿನ ಬುಡ ನೋಡಿರಲಿಲ್ಲ. ಅವರು ಮರೆಯುವ ಇನ್ನೊಂದು ಜಾಗವೂ ಇದೆ. ಅದನ್ನು ಇಲ್ಲಿ ಬರೆಯಲ್ಲ, ಬರೆದರೆ ಅವರೂ ಓದುತ್ತಾರೆ.

ಎರಡು, ಹಳೇ ಪಾಲಿಸಿಯ ಎನ್‌ಸಿಬಿ (ನೋ ಕ್ಲೇಮ್ ಬೋನಸ್), ಅಂದರೆ ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಗಾಡಿ ಜೊತೆ ಬಂದಿದ್ದ 2024ರ ಜನವರಿಯ ಪಾಲಿಸಿಯಲ್ಲಿ 25 ಪರ್ಸೆಂಟ್ ಇತ್ತು. ಕ್ಲೇಮ್ ಇಲ್ಲದ ಗಾಡಿಗೆ 20, 25, 35, 45, 50 ಅಂತ ಏರುತ್ತಾ ಹೋಗುತ್ತದೆ. 2019ರ ಗಾಡಿ, ಒಬ್ಬರೇ ಓನರ್, ಒಂದೂ ಕ್ಲೇಮ್ ಇಲ್ಲ ಅಂದರೆ 2024ಕ್ಕೆ 50 ಇರಬೇಕು. 25 ಇದೆ ಅಂದರೆ ಅದರ ಹಿಂದೆ ಕ್ಲೇಮ್ ಇಲ್ಲದೆ ಕಳೆದಿದ್ದು ಎರಡೇ ವರ್ಷ. ಕ್ಲೇಮ್ ಆಗಿದ್ದು 2021ರಲ್ಲಿ. ಬೆಲ್ಟಿನಲ್ಲೂ ಅದೇ ವರ್ಷ! ಎನ್‌ಸಿಬಿ ಒಂದನ್ನೇ ಹಿಡಿದುಕೊಂಡು ಹೋದರೆ "ಗ್ಲಾಸ್ ಒಡೆದಿತ್ತು, ಅದರ ಕ್ಲೇಮು" ಅಂತ ಜಾರಿಕೊಳ್ಳುತ್ತಾರೆ. ನನಗೂ ಹಾಗೇ ಹೇಳಿದರು. ಇನ್ನೊಂದು, ಎನ್‌ಸಿಬಿ ಪ್ರೊಟೆಕ್ಟ್ ಅನ್ನುವ ಆ್ಯಡ್-ಆನ್ ಹಾಕಿಸಿಕೊಂಡವರಿಗೆ ಕ್ಲೇಮ್ ಆದರೂ ಪರ್ಸೆಂಟ್ ಇಳಿಯದೆ ಇರಬಹುದು. ಅದಕ್ಕೇ ಎರಡನ್ನೂ ತಾಳೆ ಹಾಕಬೇಕು.

ಕಂಪನಿಗೆ ದೂರು ಕೊಟ್ಟೆ. ಇಬ್ಬರು ಇಂಜಿನಿಯರ್ ಬಂದು ಗಾಡಿ ಓಡಿಸಿ, "ಗಾಡಿ ಸೂಪರ್ ಆಗಿದೆ ಸಾರ್, ಸ್ಟ್ರಕ್ಚರ್‌ಗೆ ಏನೂ ಆಗಿಲ್ಲ" ಅಂತ ಬರೆದುಕೊಟ್ಟು ಹೋದರು. ಅವರ ಲೆಕ್ಕದಲ್ಲಿ ಬೋಲ್ಟ್ ಬಿಚ್ಚಿ ಹಾಕುವ ಪಾರ್ಟು ಬದಲಾದರೆ ಅದು ಆ್ಯಕ್ಸಿಡೆಂಟೇ ಅಲ್ಲವಂತೆ. ಎಲ್ಲರೂ ಸೋಲುವುದು ಇಲ್ಲೇ. ಗಾಡಿ ಸರಿಯಿಲ್ಲ ಅಂತ ನಾವು, ಸರಿಯಿದೆ ಅಂತ ಅವರು, ಕೊನೆಗೆ ಒಂದು ಫ್ರೀ ಸರ್ವಿಸ್ ಕೂಪನ್.

ನಾನು ಆ ಜಗಳಕ್ಕೇ ಹೋಗಲಿಲ್ಲ. ಗಾಡಿ ಚೆನ್ನಾಗಿದೆ ಅಂತ ನಾನೂ ಒಪ್ಪಿಕೊಂಡೆ. ನಿಮಗೆ ಗೊತ್ತಿದ್ದೂ ನನಗೆ ಹೇಳಲಿಲ್ಲ, ನನ್ನ ತಕರಾರು ಅದೊಂದೇ ಅಂದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(11) ತೆಗೆದು ನೋಡಿ. ಬೇಕಂತಲೇ ಮಾಹಿತಿ ಮುಚ್ಚಿಟ್ಟರೆ ಅದೂ ಸೇವಾ ನ್ಯೂನತೆಯೇ ಅಂತ ಅಲ್ಲಿದೆ. ಹೀಗೆ ಹಿಡಿದರೆ ಗಾಡಿ ಎಷ್ಟು ಚೆನ್ನಾಗಿ ಓಡುತ್ತೆ ಅನ್ನುವ ಮಾತಿಗೆ ಬೆಲೆಯೇ ಇರಲ್ಲ.

ಆದರೆ ಅವರಿಗೆ ಗೊತ್ತಿತ್ತು ಅಂತ ತೋರಿಸಬೇಕಲ್ಲ? ಅದಕ್ಕೆ ಹಳೇ ಓನರ್ ಬೇಕು. ಅವರನ್ನು ಹುಡುಕಿದ್ದು ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹೆಸರು ವರ್ಗಾವಣೆಯ ಕಾಗದದಲ್ಲೇ ಇರುತ್ತದೆ ಅನ್ನುವಷ್ಟು ಹೇಳುತ್ತೇನೆ. ರಿಟೈರ್ ಆದ ಮೇಷ್ಟ್ರು. ಮೊದಲ ಫೋನಿಗೆ ಹೆದರಿ ಇಟ್ಟುಬಿಟ್ಟರು, ತಮ್ಮ ಮೇಲೆ ಕೇಸು ಹಾಕಲು ಬಂದಿದ್ದೀನಿ ಅಂತ. ಹಣ್ಣು ತಗೊಂಡು ಮನೆಗೇ ಹೋದೆ. "ನಿಮ್ಮ ಮೇಲೆ ಏನೂ ಇಲ್ಲ ಸಾರ್, ಮಾರುವಾಗ ನೀವು ಅವರಿಗೆ ಹೇಳಿದ್ರಾ?" ಅಂತ ಕೇಳಿದೆ. "ಹೇಳಿದ್ದೆ ಕಣಪ್ಪಾ! ಅದನ್ನೇ ಹಿಡ್ಕೊಂಡು ರೇಟು ಮುರಿದ್ರು" ಅಂತ ವಾಟ್ಸಾಪ್ ತೆರೆದು ತೋರಿಸಿದರು. ಗಾಡಿಗೆ ಬೆಲೆ ಕಟ್ಟುವ ಕಂಪನಿಯ ಇವಾಲ್ಯುಯೇಟರ್ ಬಿಲ್ ಕೇಳಿದ್ದಾನೆ, ಮೇಷ್ಟ್ರು ಸುಮಾರು ಎರಡು ಲಕ್ಷದ ರಿಪೇರಿ ಬಿಲ್ಲಿನ ಫೋಟೋ ಕಳಿಸಿದ್ದಾರೆ, ಆತ ಹೆಬ್ಬೆರಳು ಎತ್ತಿದ್ದಾನೆ. ತಗೊಳ್ಳುವಾಗ ಆ್ಯಕ್ಸಿಡೆಂಟ್ ಗಾಡಿ ಅಂತ ರೇಟು ಇಳಿಸಿ, ಮಾರುವಾಗ ಸರ್ಟಿಫೈಡ್ ಅಂತ ಏರಿಸಿದ್ದರು. ಮೇಷ್ಟ್ರು ಒಂದು ಪತ್ರ ಬರೆದು ಸಹಿ ಹಾಕಿ ಕೊಟ್ಟರು, ಜೊತೆಗೆ ಕಾಫಿ.

ಲೈಸೆನ್ಸ್ ಇರುವ ಇನ್ಶೂರೆನ್ಸ್ ಸರ್ವೇಯರ್ ಒಬ್ಬರಿಂದ ರಿಪೋರ್ಟೂ ಮಾಡಿಸಿದೆ, ಐದು ಸಾವಿರ. ಅವರು ಬೀಡಿಂಗ್ ಎಳೆದು, ಬಲಗಡೆ ಏಪ್ರನ್ನಿನಲ್ಲಿ, ಅಂದರೆ ಇಂಜಿನ್ ಪಕ್ಕದ ಬೋಲ್ಟ್ ಬಿಚ್ಚಿ ತೆಗೆಯಲಾಗದ ಒಳ ತಗಡಿನಲ್ಲಿ, ಫ್ಯಾಕ್ಟರಿಯ ಸ್ಪಾಟ್ ವೆಲ್ಡ್ ಇರಬೇಕಾದ ಕಡೆ ಗ್ರೈಂಡ್ ಮಾಡಿದ ಗುರುತಿನ ಫೋಟೋ ತೆಗೆದರು. ಸ್ಟ್ರಕ್ಚರ್ ಕಥೆಯೂ ಅಲ್ಲಿಗೆ ಮುಗಿಯಿತು.

ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದೆ. 25 ಸಾವಿರ ಕೊಡ್ತೀವಿ ಅಂದರು. ಬೇಡ ಅಂದೆ. 40 ಅಂದರು. ಗ್ರಾಹಕ ಆಯೋಗದ ಆನ್‌ಲೈನ್ ಪೋರ್ಟಲ್ ಇ-ಜಾಗೃತಿಯಲ್ಲಿ ದೂರು ಹಾಕಿದೆ. ಐದರಿಂದ ಹತ್ತು ಲಕ್ಷದೊಳಗಿನ ವ್ಯವಹಾರಕ್ಕೆ ಫೀಸು ಬರೀ 200 ರೂಪಾಯಿ. ಅಗ್ರಿಮೆಂಟಿನಲ್ಲಿ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಪಂಚರ ತೀರ್ಮಾನ) ಅಂತಿದೆ, ಅದೂ ಉತ್ತರದ ಯಾವುದೋ ಊರಲ್ಲಿ, ನಿನ್ನ ಕೇಸ್ ನಿಲ್ಲಲ್ಲ ಅಂದ ಲಾ ಓದಿದ ಗೆಳೆಯ. ಎಮ್ಮಾರ್ ಎಂಜಿಎಫ್ ಕೇಸಿನಲ್ಲಿ 2018ರಲ್ಲೇ ಸುಪ್ರೀಂ ಕೋರ್ಟು ಆರ್ಬಿಟ್ರೇಷನ್ ಷರತ್ತು ಗ್ರಾಹಕರ ದೂರಿಗೆ ಅಡ್ಡಿಯಲ್ಲ ಅಂದಿದೆ. ಹೊಸ ಕಾಯ್ದೆಯಲ್ಲಿ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡನ್ನೂ ಪ್ರಿಂಟ್ ತೆಗೆದು ಅವನ ಮೇಜಿನ ಮೇಲೆ ಇಟ್ಟು ಬಂದೆ.

ಆಯೋಗದ ನೋಟಿಸ್ ತಲುಪಿದ ಮೇಲೆ ಕಂಪನಿಯವರು 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚಂದ್ರೆ ಇನ್ನೊಂದು 15 ದಿನ. ಆಮೇಲೆ ಆಯೋಗಕ್ಕೂ ಅವಧಿ ಹೆಚ್ಚಿಸುವ ಅಧಿಕಾರ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಾಂವಿಧಾನಿಕ ಪೀಠ ಹೇಳಿಬಿಟ್ಟಿದೆ. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೂತೆ. ಗಡುವು ಹತ್ತಿರ ಬಂದಂತೆ ಅವರ ವಕೀಲರೇ ಫೋನ್ ಮಾಡಿದರು. ವಾಟ್ಸಾಪ್ ಚಾಟ್ ಓದಿರಬೇಕು. ಮಧ್ಯಸ್ಥಿಕೆಗೆ ಒಪ್ಪಿದೆ. ಓಡಿಸಿದ್ದಕ್ಕೆ ಒಂದು ಲಕ್ಷ ಕಡಿತ ಅಂದವರು ಕೊನೆಗೆ ಐವತ್ತು ಸಾವಿರದ ಸುತ್ತಮುತ್ತ ನಿಂತರು. ಗಾಡಿ ಮೇಲಿದ್ದ ನನ್ನ ಲೋನ್ ಬೇಗ ಮುಗಿಸಿದ ಚಾರ್ಜು ಅವರದೇ. ಗೇಜು, ಸರ್ವೇಯರ್, ಪೋಸ್ಟು, ಓಡಾಟ ಎಲ್ಲ ಸೇರಿ ನನ್ನ ಕೈಯಿಂದ ಹದಿನೈದು ಸಾವಿರ ಹೋಗಿರಬಹುದು.

ವಾಪಸ್ ಕೊಡುವ ದಿನ ಕೀ ಕೇಳುತ್ತಾರೆ, ಪೇಪರ್ ಆಮೇಲೆ ಅನ್ನುತ್ತಾರೆ. ಕೊಡಬೇಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಡೀಲರ್ ಕೈಗೆ ಗಾಡಿ ಕೊಡುವಾಗ ಗಾಡಿ ಒಪ್ಪಿಸಿದ್ದನ್ನು ಆರ್‌ಟಿಒಗೆ ತಿಳಿಸುವ ಫಾರಂ 29ಸಿ ಅಪ್‌ಲೋಡ್ ಆಗಬೇಕು, ಅಲ್ಲಿಂದ ಮುಂದಿನ ಜವಾಬ್ದಾರಿ ಅವರದ್ದು. ಅದರ ಪ್ರತಿ ಮೊಬೈಲಿಗೆ ಬರುವವರೆಗೆ ನಾನು ಅವರ ಕೌಂಟರಿನಲ್ಲೇ ಕೂತಿದ್ದೆ. ಫಾಸ್ಟ್‌ಟ್ಯಾಗನ್ನೂ ಹಿಂದಿನ ದಿನವೇ ಕ್ಲೋಸ್ ಮಾಡಿಸಿ ಗ್ಲಾಸಿಂದ ಕಿತ್ತಿದ್ದೆ. ಇಲ್ಲದಿದ್ದರೆ ಅವರು ನೆಲಮಂಗಲ ಟೋಲ್ ದಾಟಿದಾಗಲೆಲ್ಲ ದುಡ್ಡು ನಮ್ಮ ಅಕೌಂಟಿಂದ ಹೋಗುತ್ತಿರುತ್ತದೆ.