ಹೊಸ ಬೆಂಚು ಆಮೇಲೆ, ಹಳೆಯದನ್ನು ಯಾರು ನೋಡಿಕೊಳ್ಳುತ್ತಾರೆ ಹೇಳಿ

ಪಾರ್ಕಿಗೆ ಏನಾದರೂ ಕೊಡಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಕೊಡಿಸಿದ್ದನ್ನು ನೋಡಿಕೊಳ್ಳುವವರು ಸಿಗುವುದಿಲ್ಲ. ನಮ್ಮ ಬಡಾವಣೆಯ ಪಾರ್ಕಿನ ಸಮಿತಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ ಮೇಲೆ ನನಗೆ ಅನಿಸಿದ್ದು ಇದು. ಯಾರಾದರೂ ಬಂದು "ನಾವೂ ನಮ್ಮ ಪಾರ್ಕು ಸರಿ ಮಾಡಬೇಕು ಅಂತಿದ್ದೀವಿ, ಏನೇನು ಹಾಕಿಸೋಣ?" ಅಂತ ಕೇಳಿದರೆ, ಸದ್ಯಕ್ಕೆ ಏನೂ ಹಾಕಿಸಬೇಡಿ, ಮೊದಲು ಒಂದು ನೋಟ್‌ಬುಕ್ ಹಿಡಿದು ಹೋಗಿ ಕೂತ್ಕೊಳ್ಳಿ ಅಂತ ಹೇಳುತ್ತೇನೆ.

ನಾವು ಶುರು ಮಾಡಿದ್ದೇ ಹಾಗೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಕತ್ತಲಾದ ಮೇಲೆ, ರಜೆಯ ದಿನ, ಕೆಲಸದ ದಿನ, ಒಬ್ಬೊಬ್ಬರು ಒಂದೊಂದು ಹೊತ್ತು ಹಂಚಿಕೊಂಡು ಕೂತು, ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ, ಯಾವ ಕಡೆಯಿಂದ ಒಳಗೆ ಬರುತ್ತಾರೆ, ಎಷ್ಟು ಹೊತ್ತಿಗೆ ಎದ್ದು ಹೋಗುತ್ತಾರೆ ಅಂತ ಬರೆದುಕೊಂಡೆವು. ಬಂದವರಿಗಿಂತ ಬಾರದವರ ಪಟ್ಟಿ ಮುಖ್ಯ. ನಮ್ಮಲ್ಲಿ ಸಂಜೆ ಗಂಡಸರು, ಹುಡುಗರು ತುಂಬಿರುತ್ತಿದ್ದರು. ಹನ್ನೆರಡು ಹದಿಮೂರು ದಾಟಿದ ಹೆಣ್ಣುಮಕ್ಕಳು ಕಾಣಿಸುತ್ತಲೇ ಇರಲಿಲ್ಲ. ಅಮೆರಿಕದ ವಿಲಿಯಂ ವೈಟ್ ಅನ್ನುವವರು ನ್ಯೂಯಾರ್ಕಿನ ಸಾರ್ವಜನಿಕ ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಇದೇ ಥರದ ಕೆಲಸವನ್ನು ದೊಡ್ಡದಾಗಿ ಮಾಡಿದ್ದರು. ಹೆಂಗಸರ ಸಂಖ್ಯೆ ತೀರಾ ಕಮ್ಮಿ ಇರುವ ಜಾಗದಲ್ಲಿ ಏನೋ ಸರಿಯಿಲ್ಲ ಅನ್ನುವುದು ಅವರ ಲೆಕ್ಕ. ನಮ್ಮ ಪಾರ್ಕಿನಲ್ಲೂ ಆ ಲೆಕ್ಕ ನಿಜವೇ ಆಯಿತು.

ಸರಿಯಿಲ್ಲದ್ದು ಏನು ಅಂತ ನೋಡಿದರೆ ಬೇಲಿ ಗಿಡ. ಗೇಟಿನ ಎರಡೂ ಕಡೆ ಆಳೆತ್ತರ ಬೆಳೆದು ನಿಂತಿತ್ತು. ಒಳಗೆ ಯಾರಿದ್ದಾರೆ ಅಂತ ರಸ್ತೆಯಿಂದ ಕಾಣದು, ಒಳಗಿದ್ದವರಿಗೆ ರಸ್ತೆ ಕಾಣದು. ನ್ಯೂಯಾರ್ಕಿನ ಬ್ರಯಂಟ್ ಪಾರ್ಕಿನ ಕಥೆಯೂ ಹೆಚ್ಚುಕಮ್ಮಿ ಇದೇ. ಎತ್ತರದ ಬೇಲಿ, ಗಿಡಗಳ ಮರೆ, ಕಮ್ಮಿ ಬಾಗಿಲು, ಹೀಗಾಗಿ 1970ರ ದಶಕದಲ್ಲಿ ಅದು ಮಾದಕವಸ್ತು ಮಾರುವವರ ಅಡ್ಡೆಯಾಗಿತ್ತು. ವೈಟ್ ಅವರ ಸಲಹೆಯಂತೆ ಮರೆಯನ್ನೆಲ್ಲ ತೆಗೆದು, ಬಾಗಿಲು ಜಾಸ್ತಿ ಮಾಡಿ, ಎತ್ತಿ ಬೇಕಾದಲ್ಲಿ ಹಾಕಿಕೊಳ್ಳುವಂಥ ಕುರ್ಚಿಗಳನ್ನು ಇಟ್ಟು 1992ರಲ್ಲಿ ಮತ್ತೆ ತೆರೆದರು. ನಾವು ಬೇಲಿಯನ್ನು ಸೊಂಟದ ಮಟ್ಟಕ್ಕೆ ಕತ್ತರಿಸಿದೆವು. ಮರಗಳ ತೀರಾ ಕೆಳಗಿನ ಕೊಂಬೆಗಳನ್ನು ಸವರಿ, ತಲೆಗಿಂತ ಮೇಲಕ್ಕೆ ಎತ್ತಿದೆವು. ಇದಕ್ಕೆ ಹೊಸ ಸಾಮಾನು ಒಂದೂ ಬೇಕಾಗಲಿಲ್ಲ, ಕತ್ತರಿ ಮತ್ತು ಒಂದಷ್ಟು ಬೆವರು ಅಷ್ಟೆ. ಸಂಜೆ ಹೊತ್ತು ಬರುವವರ ಮುಖಗಳು ನಿಧಾನಕ್ಕೆ ಬದಲಾದವು.

ಅದಕ್ಕಿಂತ ಮೊದಲೇ ಆಗಬೇಕಾದ ಒಂದು ಬೋರಿಂಗ್ ಕೆಲಸ ಇದೆ, ಕಾಗದದ ಕೆಲಸ. ಜಾಗ ನಮ್ಮದಲ್ಲ, ಸ್ಥಳೀಯ ಆಡಳಿತದ್ದು. ನೀರಿನ ಬಿಲ್ಲು ಯಾರು ಕಟ್ಟಬೇಕು, ದೀಪ ಕೆಟ್ಟರೆ ಯಾರು, ಕಸ ಯಾರು ಎತ್ತಬೇಕು, ಮರ ಕಡಿಯಲು ಯಾರ ಅನುಮತಿ ಬೇಕು, ಮಗು ಬಿದ್ದು ಪೆಟ್ಟಾದರೆ ಹೊಣೆ ಯಾರದು, ಇಷ್ಟನ್ನೂ ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಒಪ್ಪಿಕೊಂಡ ಅಧಿಕಾರಿ ವರ್ಗವಾಗಿ ಹೋದರೆ ಮಾತೂ ಅವರ ಜೊತೆಗೇ ಹೋಗುತ್ತದೆ.

ಇನ್ನು ಕೆಲಸ ಹಂಚುವ ವಿಷಯ. "ಎಲ್ಲರೂ ಸೇರಿ ನೋಡಿಕೊಳ್ಳೋಣ" ಅಂದರೆ ಯಾರೂ ನೋಡುವುದಿಲ್ಲ ಅಂತಲೇ ಅರ್ಥ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಹಾಳುಬಿದ್ದಾಗ ಅದನ್ನು ಎತ್ತಿ ನಿಲ್ಲಿಸಲು 1980ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಆಮೇಲಾಮೇಲೆ ಅವರು ಇಡೀ ಪಾರ್ಕನ್ನು ತುಂಡುತುಂಡಾಗಿ ಭಾಗ ಮಾಡಿ, ಒಂದೊಂದು ಭಾಗಕ್ಕೆ ಒಬ್ಬೊಬ್ಬ ತೋಟಗಾರರನ್ನು ಜವಾಬ್ದಾರಿ ಮಾಡಿದರು. ಆ ಭಾಗ ಚೆನ್ನಾಗಿದ್ದರೆ ಹೆಸರು ಅವರಿಗೆ, ಹಾಳಾದರೆ ಕೇಳುವುದೂ ಅವರನ್ನೇ. ಅಷ್ಟು ದೊಡ್ಡ ಪಾರ್ಕಿಗೆ ಒಗ್ಗಿದ್ದು ನಮ್ಮ ಚಿಕ್ಕ ಪಾರ್ಕಿಗೆ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಈ ಮೂಲೆಯ ಪಾತಿ ಈ ಮನೆಯವರದ್ದು, ಆ ನಾಲ್ಕು ಸಸಿ ಆ ಹುಡುಗರದ್ದು, ಆಟದ ಜಾಗದ ಬೋಲ್ಟು ನಟ್ಟು ನೋಡುವುದು ನಿವೃತ್ತ ಮೆಕ್ಯಾನಿಕ್ ಒಬ್ಬರದ್ದು. ದಿನಗೂಲಿಯ ಮಾಲಿ ಇದ್ದಾರೆ, ನಿಜ. ಆದರೆ ಮಾಲಿಗೆ ಹತ್ತು ಜನ ಹತ್ತು ಥರ ಹೇಳಿದರೆ ಅವರು ಪಾಪ ಏನು ಮಾಡಬೇಕು? ಅವರ ಜೊತೆ ಮಾತಾಡುವುದಕ್ಕೆ ಒಬ್ಬರೇ ಇರಬೇಕು ಅಂತ ನಿಯಮ ಮಾಡಿದ ಮೇಲೆ ಅವರ ಕೆಲಸವೂ ಸಲೀಸಾಯಿತು.

ದುಡ್ಡಿನ ವಿಷಯಕ್ಕೆ ಬಂದರೆ ನಮ್ಮದು ಒಂದೇ ಪಟ್ಟು. ಕಾಣಿಕೆ ಕೊಡುವವರು ವಸ್ತುವಿನ ಜೊತೆ ಅದರ ಆರೈಕೆಯನ್ನೂ ಕೊಡಬೇಕು. ಒಬ್ಬ ಹಿರಿಯರು ಕಾರಂಜಿ ಹಾಕಿಸಿಕೊಡುತ್ತೇನೆ ಅಂತ ತುಂಬ ಪ್ರೀತಿಯಿಂದ ಬಂದರು.

"ಸರ್, ಪಂಪು ಕೆಟ್ಟರೆ?" ಅಂದೆ.

"ಅದೇನು ದಿನಾ ಕೆಡುತ್ತೇನಮ್ಮಾ?"

"ದಿನಾ ಕೆಡಲ್ಲ ಸರ್. ಒಂದು ಸಲ ಕೆಟ್ಟರೆ ಸಾಕು, ಆಮೇಲೆ ಅದು ಸೊಳ್ಳೆ ತೊಟ್ಟಿ."

ಅವರು ಸ್ವಲ್ಪ ಮುನಿಸಿಕೊಂಡರು. ಆಮೇಲೆ ಕಾರಂಜಿ ಬಿಟ್ಟು, ನೀರಿನ ಪೈಪು ಮತ್ತು ಸಲಕರಣೆಗಳ ರಿಪೇರಿ ಖರ್ಚನ್ನು ಪ್ರತಿ ವರ್ಷ ಕೊಡುವುದಕ್ಕೆ ಒಪ್ಪಿದರು. ಹೆಸರಿನ ಕಲ್ಲು ಬೇಡವಾ ಅಂತ ನಾನೇ ಕೇಳಿದೆ, ನಲ್ಲಿಗೆ ಯಾಕಮ್ಮ ಹೆಸರು ಅಂತ ನಕ್ಕರು. ಸೊಳ್ಳೆಯದ್ದು ಸುಮ್ನೆ ಹೆದರಿಸಲು ಹೇಳಿದ್ದಲ್ಲ. ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗುವುದಕ್ಕೆ ವಾರ ಹತ್ತು ದಿನ ಸಾಕು. ಪಾರ್ಕಿನಲ್ಲಿ ಎಲ್ಲಿ ನೀರು ನಿಂತರೂ ಎರಡು ಮೂರು ದಿನದಲ್ಲಿ ಇಂಗಿಹೋಗುವ ಹಾಗಿರಬೇಕು.

ಈಗ ನನಗೆ ಜಾಸ್ತಿ ಇಷ್ಟವಾದ ವಿಷಯ, ಮಣ್ಣು ಮತ್ತು ಮರ.

ಪಾರ್ಕಿನ ಮರ ಒಣಗುತ್ತಿದ್ದರೆ ಜನ ಮೊದಲು ನೀರು ಸಾಲದು ಅನ್ನುತ್ತಾರೆ, ಆಮೇಲೆ ಗೊಬ್ಬರ ಸಾಲದು ಅನ್ನುತ್ತಾರೆ. ತುಂಬ ಸಲ ಕಮ್ಮಿಯಾಗಿರುವುದು ಗಾಳಿ. ಬೇರಿಗೂ ಉಸಿರಾಡಲು ಗಾಳಿ ಬೇಕಲ್ವಾ? ನೀರು ಹೀರುವ ಬೇರುಗಳಲ್ಲಿ ಬಹುಪಾಲು ಮಣ್ಣಿನ ಮೇಲ್ಪದರದ ಒಂದೂವರೆ ಅಡಿಯೊಳಗೇ ಇರುತ್ತವೆ, ಮತ್ತು ಕೊಂಬೆಗಳ ನೆರಳಿಗಿಂತಲೂ ಆಚೆ ಹರಡಿರುತ್ತವೆ. ಆ ಜಾಗದಲ್ಲಿ ಜನ ಓಡಾಡಿ, ಗಾಡಿ ನಿಲ್ಲಿಸಿ, ಮಣ್ಣು ಗಟ್ಟಿಯಾದರೆ ನೀರೂ ಇಳಿಯದು, ಗಾಳಿಯೂ ಹೋಗದು. ಪರೀಕ್ಷೆ ಸುಲಭ. ಮಣ್ಣು ಹದವಾಗಿ ಒದ್ದೆಯಿರುವಾಗ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಕೈಯ ಬಲದಲ್ಲಿ ಇಳಿಯದಿದ್ದರೆ ಮಣ್ಣು ಬಿಗಿದುಹೋಗಿದೆ. ನಾವು ಮರದ ಸುತ್ತ ಅಗಲವಾಗಿ ತರಗೆಲೆ, ಕತ್ತರಿಸಿದ ಕೊಂಬೆಯ ಚೂರು ಹರಡಿ, ಅಲ್ಲಿ ನಡೆಯದಂತೆ ಒಂದು ಚಿಕ್ಕ ಕಟ್ಟೆ ಹಾಕಿದೆವು, ಅಷ್ಟೆ. ಹೊದಿಕೆ ಮೂರು ನಾಲ್ಕು ಇಂಚು ದಪ್ಪ ಇದ್ದರೆ ಸಾಕು, ಕಾಂಡಕ್ಕೆ ಮಾತ್ರ ತಾಗಬಾರದು. ಕಾಂಡದ ಸುತ್ತ ಗುಡ್ಡೆ ಹಾಕುವುದನ್ನು ಎಲ್ಲ ಕಡೆ ನೋಡುತ್ತೇನೆ. ಅದರಿಂದ ತೊಗಟೆ ಸದಾ ಒದ್ದೆಯಾಗಿ ಕೊಳೆಯುತ್ತದೆ.

ಸಸಿ ನೆಡುವ ದಿನ ಫೋಟೋಗೆ ಬರುವವರು ತುಂಬ ಜನ. ಬರಲಿ, ಸಂತೋಷ. ಆದರೆ ಗುಂಡಿಯನ್ನು ಹಿಂದಿನ ದಿನವೇ ನಮ್ಮವರೇ ತೋಡಿರುತ್ತಾರೆ. ಬೇರಿನ ಮಣ್ಣುಂಡೆಯ ಅಗಲಕ್ಕಿಂತ ಎರಡು ಮೂರು ಪಟ್ಟು ಅಗಲ, ಆಳ ಮಾತ್ರ ಉಂಡೆಯಷ್ಟೇ. ಕಾಂಡ ಅಗಲವಾಗಿ ಬೇರಾಗಿ ತಿರುಗುವ ಆ ಬುಡದ ಭಾಗ ಮಣ್ಣಿನ ಮೇಲೆ ಕಾಣಬೇಕು. ಆಳವಾಗಿ ನೆಟ್ಟ ಸಸಿ ಮೊದಲು ಚೆನ್ನಾಗಿಯೇ ಕಾಣುತ್ತದೆ, ಕೆಲವು ವರ್ಷ ಕಳೆದ ಮೇಲೆ ಕಾರಣವೇ ತಿಳಿಯದೆ ಸೊರಗುತ್ತದೆ. ಕಟ್ಟಿದ ಕೋಲನ್ನು ವರ್ಷದೊಳಗೆ ಬಿಚ್ಚಿ. ಗಾಳಿಗೆ ಅಲುಗಾಡಿದರೇನೇ ಕಾಂಡ ಗಟ್ಟಿಯಾಗುವುದು. ನೀರು ದಿನಾ ಚಿಮುಕಿಸುವುದಕ್ಕಿಂತ ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವಷ್ಟು ಹಾಕುವುದು ಮೇಲು, ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ.

ಕೊಂಬೆ ಕತ್ತರಿಸುವುದರಲ್ಲಂತೂ ಎಲ್ಲರೂ ತಜ್ಞರು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಬಳೆಯ ಹಾಗೆ ಇರುತ್ತದೆ, ಕತ್ತರಿಸಬೇಕಾದ್ದು ಅದರ ಹೊರಗೆ. ಬಳೆಯನ್ನೂ ಸೇರಿಸಿ ಕೊಯ್ದರೆ ಗಾಯ ಮುಚ್ಚುವುದು ಕಷ್ಟ, ಉದ್ದ ಮೋಟು ಬಿಟ್ಟರೆ ಅದು ಕೊಳೆಯುತ್ತದೆ. ಗಾಯಕ್ಕೆ ಬಣ್ಣ, ಡಾಂಬರು ಬಳಿಯುವುದೂ ಬೇಡ. ಅಲೆಕ್ಸ್ ಶೈಗೋ ಅನ್ನುವ ಮರವಿಜ್ಞಾನಿ ಅಷ್ಟೊಂದು ಮರಗಳನ್ನು ಸೀಳಿ ನೋಡಿ, ಬಣ್ಣ ಕೊಳೆಯನ್ನು ತಡೆಯುವುದಿಲ್ಲ, ಮರವೇ ಗಾಯದ ಸುತ್ತ ಒಳಗೊಳಗೇ ಗೋಡೆ ಕಟ್ಟಿಕೊಳ್ಳುತ್ತದೆ ಅಂತ ತೋರಿಸಿಕೊಟ್ಟರು. ಇಷ್ಟು ಹೇಳಿದ ಮೇಲೂ ಬಣ್ಣದ ಡಬ್ಬಿ ಹಿಡಿದು ಬರುವವರು ಇದ್ದಾರೆ. ಅವರಿಗೆ ಬೆಂಚು ತೋರಿಸುತ್ತೇನೆ.

ತರಗೆಲೆ ಸುಡುವುದು ನಿಂತಿತು, ಮೂಲೆಯಲ್ಲಿ ಗೊಬ್ಬರದ ಗುಂಡಿ ಬಂತು. ಬರೀ ಒಣ ಎಲೆ ಹಾಕಿದರೆ ವರ್ಷವಾದರೂ ಹಾಗೇ ಇರುತ್ತದೆ. ಹಸಿ ಹುಲ್ಲು ಬೆರೆಸಿ, ತೇವ ಆರದಂತೆ ನೋಡಿಕೊಂಡು, ಆಗಾಗ ಮಗುಚಿದರೆ ಒಳಗೆ ಕೈ ಇಡಲಾಗದಷ್ಟು ಬಿಸಿಯೇರುತ್ತದೆ, ಆಗ ಕೆಲಸ ನಡೆಯುತ್ತಿದೆ ಅಂತ.

ದಾರಿಗಳ ವಿಷಯ ಚಿಕ್ಕದು, ಆದರೆ ಜಗಳ ದೊಡ್ಡದು. ಹುಲ್ಲಿನ ಮೇಲೆ ಜನ ಅಡ್ಡ ನಡೆದು ಒಂದು ಕಾಲುದಾರಿ ಬಿದ್ದಿತ್ತು. ಸಮಿತಿಯಲ್ಲಿ ಅರ್ಧ ಜನ ತಂತಿ ಕಟ್ಟೋಣ ಅಂದರು. ಹಿಂದೆಯೂ ಕಟ್ಟಿದ್ದರಂತೆ, ಜನ ತಂತಿ ದಾಟಿಕೊಂಡೇ ಹೋದರಂತೆ. ಅವರು ನಡೆದು ತೋರಿಸಿದ ಜಾಗದಲ್ಲೇ ನಾವು ದಾರಿ ಹಾಕಿ, ಯಾರೂ ತುಳಿಯದ ಒಂದು ಹಳೇ ದಾರಿಯನ್ನು ಕಿತ್ತು ಗಿಡ ಹಾಕಿದೆವು. ದಾರಿ ಹಾಕುವಾಗ ಗಾಲಿಕುರ್ಚಿಯವರನ್ನು, ಮಗುವಿನ ಗಾಡಿ ತಳ್ಳುವವರನ್ನು ನೆನಪಿಟ್ಟುಕೊಳ್ಳಿ. ಇಳಿಜಾರು 20 ಅಡಿ ಉದ್ದಕ್ಕೆ 1 ಅಡಿ ಏರುವಷ್ಟಿದ್ದರೆ ಆರಾಮ, ಗಾಲಿಕುರ್ಚಿ ತಿರುಗಲು 5 ಅಡಿ ಜಾಗ ಬೇಕು. ಬೆಂಚಿಗೆ ಕೈ ಊರುವ ಹಿಡಿ ಇರಲಿ. ಮೊಣಕಾಲು ನೋವಿರುವವರು ಕೂರುವುದಕ್ಕೆ ಹೆದರುವುದಿಲ್ಲ, ಏಳುವುದಕ್ಕೆ ಹೆದರುತ್ತಾರೆ.

ಮಕ್ಕಳ ಆಟದ ಜಾಗದಲ್ಲಿ ನಾನು ಸ್ವಲ್ಪವೂ ಬಿಟ್ಟುಕೊಡುವುದಿಲ್ಲ. ಜಾರುಬಂಡೆಯ ಬಣ್ಣ ನೋಡಬೇಡಿ, ಅದರ ಕೆಳಗಿನ ನೆಲ ನೋಡಿ. ಸಿಮೆಂಟು, ಕಲ್ಲು, ಗಟ್ಟಿ ಮಣ್ಣು, ಕೊನೆಗೆ ಹುಲ್ಲು ಕೂಡ ಬೀಳುವ ಮಗುವಿಗೆ ಸಾಲದು. ತುಳಿದೂ ತುಳಿದೂ ಹುಲ್ಲಿನ ಕೆಳಗಿನ ನೆಲ ಬಂಡೆಯಾಗಿರುತ್ತದೆ. ಮರದ ಚೂರು ಹಾಕುವುದಾದರೆ ಸುಮಾರು 12 ಇಂಚು ತುಂಬಿ, ಕಾಲಕ್ರಮೇಣ ಅದು ಕೂತು 9 ಇಂಚಿಗೆ ಇಳಿಯುತ್ತದೆ. ಆಮೇಲೆ ಅದಕ್ಕಿಂತ ಕಮ್ಮಿಯಾಗದಂತೆ ನೋಡಿಕೊಳ್ಳಬೇಕು. ಉಪಕರಣದ ಸುತ್ತ ಎಲ್ಲ ಕಡೆ 6 ಅಡಿ ಖಾಲಿ ಜಾಗ, ಉಯ್ಯಾಲೆಗೆ ಹಿಂದೆ ಮುಂದೆ ಇನ್ನೂ ಜಾಸ್ತಿ. ಉಯ್ಯಾಲೆಯ ಕೆಳಗೆ ಮಕ್ಕಳ ಕಾಲು ಉಜ್ಜಿ ಉಜ್ಜಿ ಗುಂಡಿ ಬೀಳುತ್ತದೆ, ಅದನ್ನು ಕುಂಟೆಯಿಂದ ಎಳೆದು ಸಮ ಮಾಡುವುದೇ ಒಬ್ಬರ ಕೆಲಸವಾಗಿ ಇರಬೇಕು. ಕೊಕ್ಕೆ, ಸರಪಳಿ ಸವೆದಿದ್ದರೆ ಅವತ್ತೇ ಉಯ್ಯಾಲೆ ಬಿಚ್ಚಿಡಿ. ಮಕ್ಕಳು ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ.

ಜಗಳಗಳು ನಿಲ್ಲುವುದಿಲ್ಲ. ವಾಕಿಂಗ್ ಮಾಡುವ ಹಿರಿಯರಿಗೆ ಚೆಂಡು ಆಡುವ ಹುಡುಗರನ್ನು ಕಂಡರಾಗದು, ನಾಯಿ ಇರುವವರಿಗೂ ಚಿಕ್ಕ ಮಕ್ಕಳಿರುವವರಿಗೂ ಆಗದು. ಗೋಡೆ ತುಂಬ ಅದು ಮಾಡಬಾರದು, ಇದು ಮಾಡಬಾರದು ಅಂತ ಬೋರ್ಡುಗಳಿದ್ದವು. ಓದಿದವರು ಯಾರೂ ಇಲ್ಲ. ಅವನ್ನೆಲ್ಲ ತೆಗೆದು, ಯಾವ ಹೊತ್ತಿನಲ್ಲಿ ಯಾವ ಜಾಗ ಯಾರಿಗೆ ಅಂತ ಒಂದೇ ಬೋರ್ಡು ಹಾಕಿದೆವು. ಆ ಹೊತ್ತನ್ನು ಗೊತ್ತು ಮಾಡುವ ಸಭೆಗೆ ಹುಡುಗರನ್ನೂ ಕರೆದಿದ್ದೆವು. ಅವರು ಬಂದು, ಬೆಳಿಗ್ಗೆ ನಮಗೆ ಬೇಡವೇ ಬೇಡ, ಯಾರು ಏಳುತ್ತಾರೆ ಅಂದುಬಿಟ್ಟರು. ಅರ್ಧ ಜಗಳ ಅಲ್ಲೇ ಮುಗಿಯಿತು. ಉಳಿದರ್ಧ ಇನ್ನೂ ಇದೆ.

ಸ್ವಯಂಸೇವಕರನ್ನು ಕರೆಯುವವರಿಗೆ ಒಂದು ಮಾತು. ಇಡೀ ದಿನದ ಶ್ರಮದಾನ ಅಂದರೆ ಮೊದಲ ಸಲ ಬಂದವರು ಎರಡನೇ ಸಲ ಬರುವುದಿಲ್ಲ. ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಸಲಿಕೆ, ಗುದ್ದಲಿ, ಬುಟ್ಟಿ, ಕೈಗವಸು ಮೊದಲೇ ಎಣಿಸಿ ಇಟ್ಟಿರಿ. ಕೆಲಸ ಇಲ್ಲದೆ ನಿಂತವರು ಮನೆಗೆ ಹೋಗುತ್ತಾರೆ, ಮತ್ತೆ ಬರಲ್ಲ. ಕಳೆ ಕೀಳಿ ಅಂತ ಬಿಟ್ಟುಬಿಡಬೇಡಿ, ಯಾವುದು ಕಳೆ ಅಂತ ಒಂದು ಗಿಡ ಕಿತ್ತು ತೋರಿಸಿ. ಇಲ್ಲದಿದ್ದರೆ ಹೋದ ವರ್ಷ ನೆಟ್ಟದ್ದೇ ಬುಟ್ಟಿಗೆ ಬರುತ್ತದೆ.

ಈಗ ನಮ್ಮ ಸಮಿತಿಯಲ್ಲಿ ಕೆಲವರು ಬದಲಾಗುತ್ತಿದ್ದಾರೆ, ನಾನೂ ಬಿಡುವವಳಿದ್ದೇನೆ. ಹೊಸಬರಿಗೆ ಕೊಡಲು ಒಂದು ಪುಸ್ತಕ ಬರೆದಿಟ್ಟಿದ್ದೇವೆ. ನೀರಿನ ಪೈಪು ನೆಲದೊಳಗೆ ಎಲ್ಲಿ ಹೋಗುತ್ತದೆ, ಯಾವ ವಾಲ್ವ್ ಯಾವುದಕ್ಕೆ, ದೀಪದ ವೈರು ಎಲ್ಲಿ, ಯಾವ ಮರ ಯಾವಾಗ ನೆಟ್ಟದ್ದು, ಆಟದ ಸಾಮಾನಿನ ಬೋಲ್ಟು ಯಾವ ಅಳತೆಯದು, ಆಡಳಿತದವರಿಗೆ ಬರೆದ ಪತ್ರಗಳ ಪ್ರತಿ, ಸಲಕರಣೆ ಕೋಣೆಯ ಬೀಗದ ಕೈ ಯಾರ್ಯಾರ ಹತ್ತಿರ. ಪೈಪಿನ ನಕ್ಷೆಯನ್ನು ಮಾತ್ರ ಎರಡು ಪ್ರತಿ ಮಾಡಿಸಿದ್ದೇನೆ. ಗುಂಡಿ ತೋಡುವವರು ಅದನ್ನು ನೋಡದೆ ಹಾರೆ ಹಾಕಬಾರದು ಅಂತ ಪುಸ್ತಕದ ಮೊದಲ ಪುಟದಲ್ಲೇ ಬರೆದಿದೆ, ಅದೂ ಕೆಂಪು ಇಂಕಿನಲ್ಲಿ.