ಕರಿ ಮಚ್ಚೆ ಕಂಡರೆ ಸುತ್ತು ಹೆಚ್ಚಿಸಿ: ದಿನಕ್ಕೊಂದು ಫ್ರ್ಯಾಕ್ಟಲ್ ಚಿತ್ರ

ಜುಲೈ ಬಂತೆಂದರೆ ಮುಂಬಯಿಯ ಹಳೆ ಕಟ್ಟಡಗಳ ಗೋಡೆ ಬಿರುಕುಗಳಲ್ಲಿ ಜರಿಗಿಡ ಚಿಗುರುತ್ತದೆ. ಒಂದು ಗರಿ ಕಿತ್ತು ಅಂಗೈ ಮೇಲಿಟ್ಟು ನೋಡಿ. ಕೆಲವು ಜಾತಿಗಳಲ್ಲಿ ಗರಿಯ ಒಂದೊಂದು ಎಸಳೂ ಇಡೀ ಗರಿಯ ಪುಟ್ಟ ಅಚ್ಚು. ಬಿಡಿಯಲ್ಲಿ ಇಡಿಯ ರೂಪ ಮತ್ತೆ ಮತ್ತೆ ಕಾಣಿಸುವ ಇಂಥ ಆಕಾರಗಳಿಗೆ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1975ರಲ್ಲಿ ಫ್ರ್ಯಾಕ್ಟಲ್ ಎಂದು ಹೆಸರಿಟ್ಟರು. ಕಂಪ್ಯೂಟರಿನಲ್ಲಿ ಇವನ್ನು ಮೂಡಿಸುವ ಹವ್ಯಾಸಕ್ಕೆ ದಿನಕ್ಕೆ ಅರ್ಧ ಗಂಟೆ ಸಾಕು. ಕುಂಚ ಹಿಡಿದು ಗೊತ್ತಿರಬೇಕಿಲ್ಲ. ಆದರೆ ಜಾಗ ಆರಿಸುವ ಕಣ್ಣು ಪಳಗಬೇಕು. ಅದು ಪಳಗುವುದು ದಿನಾ ನೋಡುವುದರಿಂದಲೇ.

ಮೊದಲಿಗೆ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಗ್ರಾಫಿಕ್ಸ್ ಕಾರ್ಡ್ ಹುಡುಕಿಕೊಂಡು ಲ್ಯಾಮಿಂಗ್ಟನ್ ರಸ್ತೆಗೆ ಹೋಗುವ ಅಗತ್ಯ ಈಗಿಲ್ಲ. ಮೂರು ಆಯಾಮದ ಚಿತ್ರಗಳಿಗೆ ಕೈಹಾಕಿದಾಗ ನೋಡಿಕೊಳ್ಳಬಹುದು. ಕ್ಸಾವೋಸ್ ಎಂಬ ಉಚಿತ ತಂತ್ರಾಂಶ ಇಳಿಸಿಕೊಳ್ಳಿ (ಹುಡುಕುವಾಗ ಎಕ್ಸ್, ಎ, ಒ, ಎಸ್ ಎಂದು ನಾಲ್ಕು ಅಕ್ಷರ ಹೊಡೆಯಿರಿ). ತೆರೆದ ಕೂಡಲೇ ಮ್ಯಾಂಡೆಲ್‌ಬ್ರಾಟ್ ಗಣ ಕಾಣುತ್ತದೆ: ಬಲಕ್ಕೆ ಹೃದಯದಾಕಾರ, ಅದರ ಎಡಕ್ಕೆ ಒಂದು ದುಂಡು, ಸುತ್ತ ಸಣ್ಣ ಸಣ್ಣ ಗುಂಡುಗಳು. ಮೌಸಿನ ಎಡಗುಂಡಿ ಒತ್ತಿ ಹಿಡಿದರೆ ಒಳಗೆ, ಬಲಗುಂಡಿ ಒತ್ತಿ ಹಿಡಿದರೆ ಹೊರಗೆ.

ಇಲ್ಲಿ ಒಂದು ನಿಮಿಷ ನಿಂತು, ಬಣ್ಣ ಬರುವುದು ಎಲ್ಲಿಂದ ಎಂದು ತಿಳಿದುಕೊಳ್ಳಿ. ಕ್ಯಾಲ್ಕ್ಯುಲೇಟರ್ ತೆಗೆದುಕೊಳ್ಳಿ. ಸೊನ್ನೆಯಿಂದ ಶುರು, ಕೈಯಲ್ಲಿರುವ ಸಂಖ್ಯೆಯನ್ನು ವರ್ಗ ಮಾಡಿ, ಆರಿಸಿಕೊಂಡ ಸಂಖ್ಯೆಯನ್ನು ಕೂಡಿಸಿ, ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡಿ. 1 ಆರಿಸಿದರೆ 1, 2, 5: ಮೂರನೇ ಸುತ್ತಿಗೇ ಉತ್ತರ 2ನ್ನು ದಾಟಿತು. ಒಮ್ಮೆ 2 ದಾಟಿದ್ದು ಮತ್ತೆ ಹಿಂದಿರುಗುವುದಿಲ್ಲ, ಓಡಿಹೋಯಿತೆಂದೇ ಲೆಕ್ಕ. 0.3 ಆರಿಸಿದರೆ 0.39, 0.4521 ಎಂದು ತೆವಳುತ್ತಾ ಹೋಗಿ 12ನೇ ಸುತ್ತಿಗೆ 2 ದಾಟುತ್ತದೆ. 0.26ಕ್ಕೆ 30 ಸುತ್ತು ಬೇಕು, 0.2501ಕ್ಕೆ 312. ಮೈನಸ್ 1 ಮಾತ್ರ ಮೈನಸ್ 1, 0, ಮೈನಸ್ 1, 0 ಎಂದು ಅಲ್ಲೇ ಗಿರಕಿ ಹೊಡೆಯುತ್ತಿರುತ್ತದೆ. ಚಿತ್ರದ ಒಂದೊಂದು ಬಿಂದುವೂ ಹೀಗೆ ಆರಿಸಿಕೊಂಡ ಒಂದು ಸಂಖ್ಯೆ, ಅಡ್ಡಕ್ಕೊಂದು ಮೇಲಕ್ಕೊಂದು ಎಂದು ಎರಡು ಭಾಗದ್ದು. ಓಡಿಹೋಗದ ಬಿಂದುಗಳಿಗೆ ಕಪ್ಪು. ಓಡಿದವಕ್ಕೆ ಎಷ್ಟನೇ ಸುತ್ತಿಗೆ ಓಡಿದವು ಎಂಬುದರ ಮೇಲೆ ಬಣ್ಣ.

ಹೊಸಬರ ಬಹುಪಾಲು ಚಿತ್ರಗಳು ಕೆಡುವುದು ಇಲ್ಲೇ. ಸುತ್ತಿನ ಮಿತಿಯನ್ನು 200ಕ್ಕೆ ಇಟ್ಟರೆ 0.2501 ಓಡುವ ಮೊದಲೇ ಲೆಕ್ಕ ನಿಂತು, ಆ ಬಿಂದುವಿಗೆ ತಪ್ಪಾಗಿ ಕಪ್ಪು ಬೀಳುತ್ತದೆ. ಒಳಗಿಳಿದಂತೆಲ್ಲ ಎಳೆಗಳು ಊದಿಕೊಂಡು, ನಡುನಡುವೆ ಮಸಿ ಚೆಲ್ಲಿದಂಥ ಮಚ್ಚೆ ಕಂಡರೆ ಕಾರಣ ಇದೇ. ಮಿತಿಯನ್ನು ಎರಡರಷ್ಟು ಮಾಡಿ. ಮಚ್ಚೆ ಕರಗಿ ಒಳಗಿನ ಕುಸುರಿ ಕಾಣುತ್ತದೆ. ಇನ್ನೂ ಉಳಿದಿದ್ದರೆ ಮತ್ತೆ ಎರಡರಷ್ಟು. ಎಷ್ಟು ಏರಿಸಿದರೂ ಕರಗದ ಕಪ್ಪು ನಿಜವಾದ ಕಪ್ಪು.

ಮೊದಲ ವಾರ ಮನಸ್ಸಿಗೆ ಬಂದಲ್ಲೆಲ್ಲ ಇಳಿಯಬೇಡಿ. ಹೃದಯ ಮತ್ತು ದುಂಡಿನ ನಡುವಿನ ಸಂದು, ಅಂದರೆ ಅಡ್ಡಕ್ಕೆ ಮೈನಸ್ 0.75, ಮೇಲಕ್ಕೆ 0.1ರ ಸುತ್ತಮುತ್ತ, ಕಡಲ್ಗುದುರೆ ಕಣಿವೆ. ಬಾಲ ಸುರುಳಿ ಸುತ್ತಿದ ಕಡಲ್ಗುದುರೆಗಳ ಸಾಲೇ ಅಲ್ಲಿ ನಿಂತಿರುತ್ತದೆ. ಹೃದಯದ ಬಲಗಡೆಯ ತಗ್ಗಿನಲ್ಲಿ ಆನೆ ಕಣಿವೆ. ಇವೆರಡರಲ್ಲೇ ಒಂದು ತಿಂಗಳ ಕೆಲಸವಿದೆ.

ನೋಡುವುದಕ್ಕೂ ಒಂದು ಕ್ರಮವಿದೆ: ಎಣಿಸಿ. ಹೃದಯದ ನೆತ್ತಿಯ ಮೇಲೆ ಕೂತ ದೊಡ್ಡ ಗುಂಡಿನಿಂದ ಹೊರಟ ಎಳೆ ಒಂದು ಕಡೆ ಕವಲೊಡೆಯುತ್ತದೆ. ಬುಡದ ಎಳೆಯನ್ನೂ ಸೇರಿಸಿದರೆ ಅಲ್ಲಿ 3 ಕಡ್ಡಿ. ಬಲಕ್ಕೆ ಸರಿದರೆ ಮುಂದಿನ ದೊಡ್ಡ ಗುಂಡಿಗೆ 4, ಎಡಕ್ಕೆ ಸರಿದರೆ 5. ಆ ಗುಂಡಿನೊಳಗಿನ ಬಿಂದುವಿನ ಲೆಕ್ಕ ಎಷ್ಟು ಸುತ್ತಿಗೊಮ್ಮೆ ಮರುಕಳಿಸುತ್ತದೋ ಅಷ್ಟೇ ಕಡ್ಡಿ. ನೆತ್ತಿಯ ಗುಂಡಿನೊಳಗೆ ಮೌಸ್ ಇಟ್ಟು ಎಂ ಕೀಲಿ ಒತ್ತಿ. ಆ ಬಿಂದುವಿನ ಜೂಲಿಯಾ ಗಣ (ಕೂಡಿಸುವ ಸಂಖ್ಯೆ ಅದೇ ಇಟ್ಟು, ಶುರುವಿನ ಸಂಖ್ಯೆ ಬದಲಿಸುತ್ತಾ ಹೋದರೆ ಮೂಡುವ ಚಿತ್ರ) ತೆರೆದುಕೊಳ್ಳುತ್ತದೆ, ಅದರಲ್ಲೂ ಮೂರು ಮೂರು ಹಾಲೆಗಳು ಒಂದೊಂದು ಬಿಂದುವಿನಲ್ಲಿ ಕೂಡಿರುತ್ತವೆ. ಕಿವಿ ನಿಮಿರಿಸಿದ ಆ ಆಕಾರಕ್ಕೆ ಗಣಿತಜ್ಞರೊಬ್ಬರ ಹೆಸರಿನಿಂದ ಡುವಾಡಿಯ ಮೊಲ ಎಂದು ಹೆಸರು. ಗಾಸ್ಟನ್ ಜೂಲಿಯಾ ಈ ಬಗೆಯ ಗಣಗಳ ಮೇಲೆ ಪ್ರಬಂಧ ಪ್ರಕಟಿಸಿದ್ದು 1918ರಲ್ಲಿ, ಕಂಪ್ಯೂಟರೇ ಇಲ್ಲದ ಕಾಲದಲ್ಲಿ.

ಬಣ್ಣದ ವಿಷಯದಲ್ಲಿ ಕೈ ಹಿಡಿತದಲ್ಲಿರಲಿ. ಪಿ ಕೀಲಿ ಒತ್ತಿದರೆ ತಂತ್ರಾಂಶ ತಾನೇ ಬಣ್ಣ ಬದಲಿಸುತ್ತದೆ, ಆದರೆ ಕಾಮನಬಿಲ್ಲಿನ ಏಳೂ ಬಣ್ಣ ಸುರಿದ ಚಿತ್ರದಲ್ಲಿ ಕಣ್ಣಿಗೆ ನಿಲ್ಲಲು ತಾವಿರುವುದಿಲ್ಲ. ಮೂರರಿಂದ ಐದು ಬಣ್ಣ ಸಾಕು. ಮಾಟುಂಗಾದ ಹೂವಿನಂಗಡಿ ಮುಂದೆ ನಿಂತು ಕನಕಾಂಬರ, ಮಲ್ಲಿಗೆ, ಬಾಳೆಲೆ ನೋಡಿಕೊಂಡು ಬನ್ನಿ. ಒಂದು ಪಟ್ಟಿ ಸಿದ್ಧವಾಯಿತು. ಇಳಕಲ್ ಸೀರೆಯ ಕೆಂಪು ಸೆರಗು, ಬಿಳಿ ತೆನೆ ಮತ್ತೊಂದು. ಪಟ್ಟಿಯ ಮೊದಲ ಮತ್ತು ಕೊನೆಯ ಬಣ್ಣ ಒಂದೇ ಇರಲಿ, ಇಲ್ಲದಿದ್ದರೆ ಪಟ್ಟಿ ತಿರುಗಿ ಬರುವಲ್ಲಿ ಚಿತ್ರದಲ್ಲಿ ಗೆರೆ ಎದ್ದು ಕಾಣುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಬಣ್ಣ ಒಡೆದಿದ್ದರೆ ನಯವಾದ ಬಣ್ಣದ ಆಯ್ಕೆ ಆರಿಸಿ.

ತುಂಬಾ ಆಳಕ್ಕೆ ಇಳಿದಾಗ ಚಿತ್ರ ಇದ್ದಕ್ಕಿದ್ದಂತೆ ಚೌಕಚೌಕವಾಗಿ ಒಡೆಯುತ್ತದೆ. ಕಂಪ್ಯೂಟರಿನ ಸಾಮಾನ್ಯ ಲೆಕ್ಕ 15-16 ಅಂಕೆಗಳಿಗೆ ಮುಗಿಯುವುದರಿಂದ ಪಕ್ಕಪಕ್ಕದ ಬಿಂದುಗಳಿಗೆ ಒಂದೇ ಸಂಖ್ಯೆ ಸಿಕ್ಕಿಬಿಡುತ್ತದೆ. ಸುತ್ತು ಹೆಚ್ಚಿಸಿ ಫಲವಿಲ್ಲ. ಇನ್ನೂ ಆಳ ಬೇಕೆಂದರೆ ಕಾಲ್ಲೆಸ್ ಫ್ರಾಕ್ಟಾಲರ್‌ನಂಥ ಆಳದ ತಂತ್ರಾಂಶಕ್ಕೆ ಹೋಗಬೇಕು.

ಚಿತ್ರಕ್ಕಿಂತ ಮೊದಲು ಅದರ ವಿಳಾಸ ಉಳಿಸಿ: ನಡುಬಿಂದುವಿನ ಎರಡೂ ಸಂಖ್ಯೆ, ಎಷ್ಟು ಪಟ್ಟು ಹಿಗ್ಗಿಸಿದ್ದು, ಸುತ್ತಿನ ಮಿತಿ, ಬಣ್ಣದ ಪಟ್ಟಿ. ಒಂದು ಅಂಕೆ ಬಿಟ್ಟುಹೋದರೂ ಆ ಜಾಗ ಮತ್ತೆ ಸಿಗುವುದು ಕಷ್ಟ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗುವ ಲೋಕಲಿನಲ್ಲಿ ಫೋನ್ ಮೇಲೆ ಹುಡುಕಿದ ಜಾಗವನ್ನು ಹೀಗೆ ಬರೆದಿಟ್ಟುಕೊಂಡರೆ ರಾತ್ರಿ ಲ್ಯಾಪ್‌ಟಾಪಿನಲ್ಲಿ ನಿಧಾನವಾಗಿ ಬಿಡಿಸಬಹುದು.

ಗೋಡೆಗೆ ಹಾಕುವಂತಿದ್ದರೆ ಎ4 ಕಾಗದಕ್ಕೆ ಇಂಚಿಗೆ 300ರಂತೆ 2480 × 3508 ಚುಕ್ಕೆ ಬೇಕು. ಅದರ ಎರಡರಷ್ಟು, 4960 × 7016ರಲ್ಲಿ ಲೆಕ್ಕ ಹಾಕಿಸಿ, ಆಮೇಲೆ ಅರ್ಧಕ್ಕೆ ಇಳಿಸಿ. ಸಣ್ಣ ಎಳೆಗಳ ಹಲ್ಲುಹಲ್ಲು ಅಂಚು ನಯವಾಗುತ್ತದೆ. ಸುಮಾರು 3.5 ಕೋಟಿ ಚುಕ್ಕೆಗಳ ಲೆಕ್ಕ, ರಾತ್ರಿ ಬಿಟ್ಟು ಮಲಗಿ. ಲ್ಯಾಪ್‌ಟಾಪ್ ಹಾಸಿಗೆಯ ಮೇಲೆ ಬೇಡ, ಗಾಳಿಕಿಂಡಿ ಮುಚ್ಚಿ ಬಿಸಿಯೇರುತ್ತದೆ. ಜೆಪೆಗ್ ಬೇಡ, ಪಿಎನ್‌ಜಿಯಲ್ಲೇ ಉಳಿಸಿ, ಅಂಗಡಿಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ. ಪರದೆಯ ಮೇಲೆ ಹೊಳೆಯುವ ನೀಲಿ, ಹಸಿರು ಕಾಗದದಲ್ಲಿ ಮಂಕಾಗುತ್ತವೆ. ಮೊದಲು 4 × 6 ಇಂಚಿನ ಒಂದು ಪ್ರತಿ ತೆಗೆಸಿ ಹಗಲು ಬೆಳಕಿನಲ್ಲಿ ನೋಡಿ. ಕಟ್ಟು ಹಾಕಿಸುವಾಗ ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಬೋರ್ಡ್ ಇರಲೇಬೇಕು. ಮುಂಬಯಿ ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಅಂಟಿಕೊಂಡರೆ ಬಿಡಿಸುವಾಗ ಬಣ್ಣವೇ ಎದ್ದುಬರುತ್ತದೆ. ನೀರು ಜಿನುಗುವ ಹೊರಗೋಡೆ ಬಿಟ್ಟು ಒಳಗೋಡೆಗೆ ತೂಗುಹಾಕಿ.