ಹೊಟ್ಟೆ ಕೊಯ್ಯದೆ ದೊಡ್ಡ ಪಾಲಿಪ್ ತೆಗೆಯುವ ಬಗೆ: ನನ್ನ ಅನುಭವ

ದೊಡ್ಡಕರುಳಿನಲ್ಲಿ 2 ಸೆಂಟಿಮೀಟರಿಗಿಂತ ದೊಡ್ಡದಾದ ಚಪ್ಪಟೆ ಪಾಲಿಪ್, ಅಂದರೆ ಒಳಪದರದ ಅಸಹಜ ಬೆಳವಣಿಗೆ, ಕಂಡರೆ ಕರುಳಿನ ಆ ಭಾಗವನ್ನೇ ಕತ್ತರಿಸಿ ತೆಗೆಯಬೇಕು ಎಂಬ ಸಲಹೆ ಪಡೆದು ನನ್ನ ಬಳಿ ಬರುವವರು ಇಂದಿಗೂ ಇದ್ದಾರೆ. ಕ್ಯಾನ್ಸರ್ ಆಳಕ್ಕಿಳಿದ ಲಕ್ಷಣಗಳಿಲ್ಲದಿದ್ದರೆ ಇಂಥವುಗಳಲ್ಲಿ ಹೆಚ್ಚಿನವನ್ನು ಕೊಲೊನೋಸ್ಕೋಪಿನ, ಅಂದರೆ ಗುದದ್ವಾರದಿಂದ ಒಳಬಿಡುವ ಕ್ಯಾಮೆರಾ ಕೊಳವೆಯ, ಮೂಲಕವೇ ತೆಗೆಯಬಹುದು. ಈ ದಾರಿ ಹೊಸದೇನಲ್ಲ. ನ್ಯೂಯಾರ್ಕಿನಲ್ಲಿ ವುಲ್ಫ್ ಮತ್ತು ಶಿನ್ಯಾ ಎಂಬ ವೈದ್ಯರು 1969ರಲ್ಲೇ ತಂತಿಯ ಕುಣಿಕೆಯಿಂದ, ಅಂದರೆ ಸ್ನೇರ್‌ನಿಂದ, ಪಾಲಿಪ್ ತೆಗೆಯಲಾರಂಭಿಸಿದ್ದರು.

ಇತ್ತೀಚೆಗೆ ಬಂದ ನಿವೃತ್ತ ಶಿಕ್ಷಕರೊಬ್ಬರಿಗೆ ದೊಡ್ಡಕರುಳಿನ ಬಲಭಾಗದಲ್ಲಿ ಸುಮಾರು 3 ಸೆಂಟಿಮೀಟರಿನ ಪಾಲಿಪ್ ಇತ್ತು. "ಡಾಕ್ಟ್ರೇ, ಹೊಟ್ಟೆ ಕುಯ್ಯೋದಿಲ್ಲ ತಾನೆ?" ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. ಹೃದಯದಲ್ಲಿ ಹಳೆಯ ಸ್ಟೆಂಟ್ ಇದ್ದುದರಿಂದ ಹೃದ್ರೋಗ ತಜ್ಞರನ್ನು ಕೇಳಿಯೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಮಾತ್ರೆ ನಿಲ್ಲಿಸಿ, ಆಸ್ಪಿರಿನ್ ಮುಂದುವರಿಸಿದೆ. ಭೇದಿಯ ದ್ರಾವಣವನ್ನು ಅರ್ಧ ಹಿಂದಿನ ರಾತ್ರಿ, ಉಳಿದರ್ಧ ಅಂದಿನ ಬೆಳಗ್ಗೆ ಕುಡಿಸುತ್ತೇನೆ. ಬಲಭಾಗ ಸ್ವಚ್ಛವಾಗುವುದು ಆ ಎರಡನೆಯ ಅರ್ಧದಿಂದಲೇ.

ಸ್ನೇರ್ ಕೈಗೆತ್ತಿಕೊಳ್ಳುವ ಮೊದಲು ಪಾಲಿಪ್‌ನ ಮೇಲ್ಮೈಯನ್ನು ಸಾವಕಾಶವಾಗಿ ನೋಡುತ್ತೇನೆ. ನಡುವೆ ತಗ್ಗು, ಅಸ್ತವ್ಯಸ್ತವಾದ ರಕ್ತನಾಳಗಳು ಕಂಡರೆ ಅದು ಶಸ್ತ್ರಚಿಕಿತ್ಸಕರ ಕೆಲಸವಿರಬಹುದು. ಚಪ್ಪಟೆ ಪಾಲಿಪ್‌ಗಳಿಗೆ ಮೊದಲೇ ನಾಲ್ಕಾರು ಕಡೆ ಬಯಾಪ್ಸಿ ಮಾಡಿ ಕಳುಹಿಸುವ ರೂಢಿ ನನಗೆ ತಲೆನೋವು ತರುತ್ತದೆ, ಏಕೆಂದರೆ ಆ ಗಾಯ ಮಾಯುವಾಗ ಒಳಪದರಗಳು ಒಂದಕ್ಕೊಂದು ಅಂಟಿಕೊಂಡು ಮುಂದಿನ ಹಂತ ಕಷ್ಟವಾಗುತ್ತದೆ.

ಆ ಹಂತವೆಂದರೆ ಪಾಲಿಪ್ಪನ್ನು ಕರುಳಿನ ಗೋಡೆಯಿಂದ ಮೇಲಕ್ಕೆ ಎತ್ತುವುದು. ಉಪಕರಣ ಹೊರಬರುವುದು ಪರದೆಯ ಕೆಳಭಾಗದಲ್ಲಿ, ಗಡಿಯಾರದ ಐದು ಅಥವಾ ಆರರ ಜಾಗದಲ್ಲಿ. ಆದ್ದರಿಂದ ಸ್ಕೋಪನ್ನು ತಿರುಗಿಸಿ, ಬೇಕಾದರೆ ರೋಗಿಯನ್ನೂ ಮಗ್ಗುಲು ಬದಲಿಸಿ, ಪಾಲಿಪ್ಪನ್ನು ಅಲ್ಲಿಗೆ ತರುತ್ತೇನೆ. ಬಳಿಕ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ಸಲೈನನ್ನು ಲೋಳೆಪದರದ ಕೆಳಗೆ ಚುಚ್ಚಿದರೆ ಪಾಲಿಪ್ ಕಾದ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿ, ಕೆಳಗಿನ ಸ್ನಾಯುಪದರದಿಂದ ದೂರವಾಗುತ್ತದೆ. ಸುತ್ತಲೂ ಉಬ್ಬಿ ನಡುವೆ ಮಾತ್ರ ಕಚ್ಚಿಕೊಂಡಿದ್ದರೆ ಗಾಯದ ಕಲೆಯೋ ಆಳಕ್ಕಿಳಿದ ಕ್ಯಾನ್ಸರೋ ಎಂದು ನಿಂತು ಯೋಚಿಸಬೇಕಾಗುತ್ತದೆ. ಈ ಶಿಕ್ಷಕರಲ್ಲಿ ಪೂರ್ತಿ ಎದ್ದಿತು. ಅಂಚಿನ ಒಂದೆರಡು ಮಿಲಿಮೀಟರ್ ಸಹಜ ಲೋಳೆಪದರವನ್ನೂ ಸೇರಿಸಿ ಸ್ನೇರ್ ಬಿಗಿದು, ಹಿಡಿದ ಭಾಗ ಗೋಡೆಯಿಂದ ಬೇರೆಯಾಗಿ ಅಲುಗಾಡುತ್ತದೆಯೇ ಎಂದು ನೋಡಿ, ಆಮೇಲಷ್ಟೇ ವಿದ್ಯುತ್ ಹಾಯಿಸಿದೆ. ಹೀಗೆ ತುಂಡು ತುಂಡಾಗಿ, ನಡುವೆ ದ್ವೀಪಗಳು ಉಳಿಯದಂತೆ, ಒಂದು ಅಂಚಿನಿಂದ ಇನ್ನೊಂದಕ್ಕೆ ಸಾಗಿದೆ.

ಕತ್ತರಿಸಿದ ತಳವನ್ನು ಓದುವುದಕ್ಕೆ ನಾನು ಅಷ್ಟೇ ಸಮಯ ಕೊಡುತ್ತೇನೆ. ಒಂದೇ ಸಮನಾದ ನೀಲಿ ಎಳೆಗಳ ಜಾಲ ಕಂಡರೆ ಸಮಾಧಾನ. ನೀಲಿಯ ನಡುವೆ ಬಿಳಿಯ ಉಂಗುರ ಕಂಡರೆ ಸ್ನಾಯುವಿಗೆ ಪೆಟ್ಟಾಗಿದೆಯೆಂದು ತಿಳಿದು ಕೂಡಲೇ ಕ್ಲಿಪ್ ಹಾಕಬೇಕು. ಕೊನೆಗೆ ಸ್ನೇರ್‌ನ ತುದಿಯಿಂದ ಅಂಚನ್ನೆಲ್ಲ ಮೃದುವಾಗಿ ಸುಡುತ್ತೇನೆ. 2019ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ ಇದರಿಂದ ಮರುಕಳಿಕೆ ಸುಮಾರು ಶೇ. 21ರಿಂದ 5ಕ್ಕೆ ಇಳಿದಿತ್ತು. ಕರುಳಿನ ಬಲಭಾಗದ ದೊಡ್ಡ ಗಾಯಗಳು ತಡವಾಗಿ ರಕ್ತ ಸೋರುವುದು ಹೆಚ್ಚಾದ್ದರಿಂದ ಇವರ ಗಾಯವನ್ನು ಕ್ಲಿಪ್‌ಗಳಿಂದ ಮುಚ್ಚಿದೆ.

ಒಂದು ಸೆಂಟಿಮೀಟರಿಗಿಂತ ಚಿಕ್ಕ ಪಾಲಿಪ್‌ಗಳಿಗೆ ಇಷ್ಟೆಲ್ಲ ಬೇಡ. ವಿದ್ಯುತ್ತಿಲ್ಲದೆ ಬರಿಯ ಸ್ನೇರ್‌ನಿಂದಲೇ ಕತ್ತರಿಸಬಹುದು. ಆಗ ಜಿನುಗುವ ರಕ್ತ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಮೇಲ್ಪದರದಲ್ಲೇ ಕ್ಯಾನ್ಸರ್ ಇರುವ ಶಂಕೆಯಿದ್ದರೆ ಮಾತ್ರ ಜಪಾನಿನಲ್ಲಿ ಬೆಳೆದುಬಂದ ಇಎಸ್‌ಡಿ (ಎಂಡೋಸ್ಕೋಪಿಕ್ ಸಬ್‌ಮ್ಯೂಕೋಸಲ್ ಡಿಸೆಕ್ಷನ್) ವಿಧಾನದಿಂದ ಅಖಂಡವಾಗಿ ಬಿಡಿಸುವುದು ಒಳ್ಳೆಯದು. ಅದಕ್ಕೆ ಬೇರೆಯದೇ ತರಬೇತಿ ಬೇಕಾದ್ದರಿಂದ ಅಂಥವರನ್ನು ಅದನ್ನೇ ಮಾಡುವ ಕೇಂದ್ರಗಳಿಗೆ ಕಳುಹಿಸುತ್ತೇನೆ.

ಶಿಕ್ಷಕರು ಮರುದಿನ ಮನೆಗೆ ಹೋದರು. ಎರಡು ವಾರದೊಳಗೆ ರಕ್ತ ಹೋದರೆ, ಹೊಟ್ಟೆನೋವು ಅಥವಾ ಜ್ವರ ಬಂದರೆ ತಕ್ಷಣ ಬರಬೇಕೆಂದು ಅವರಿಗೂ ಮಗಳಿಗೂ ಹೇಳಿದೆ. ತುಂಡುಗಳಾಗಿ ತೆಗೆದ ಪಾಲಿಪ್‌ಗೆ ಆರು ತಿಂಗಳ ಬಳಿಕ ಮತ್ತೆ ಕೊಲೊನೋಸ್ಕೋಪಿ ಆಗಲೇಬೇಕು. ನೋವಿಲ್ಲವೆಂದು ಬಾರದೆ ಉಳಿಯುವವರು ಬಹಳ ಮಂದಿ ಇರುವುದರಿಂದ, ಆ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯ ಮೊದಲ ಸಾಲಿನಲ್ಲೇ ಬರೆದುಕೊಡುತ್ತೇನೆ.